ಬೂತಾಯಿ ಸಿಗಲಿಲ್ಲ, ಸೋಯಾ ಎಟುಕಲಿಲ್ಲ: 2021ರಲ್ಲಿ ಸಿಗಡಿ ಮೇವಿಗೆ ಆದದ್ದು

2021ರ ಆಗಸ್ಟ್ ಶುರುವಿನಲ್ಲಿ ಇಂದೋರ್‌ನಲ್ಲಿ ಒಂದು ಟನ್ ಸೋಯಾ ಹಿಂಡಿಯ ದರ ಒಂದು ಲಕ್ಷ ರೂಪಾಯಿಯ ಹತ್ತಿರ ಹೋಯಿತು. ಅದೇ ವರ್ಷದ ಆರಂಭದಲ್ಲಿ ಅದು 40 ಸಾವಿರದ ಆಸುಪಾಸಿನಲ್ಲಿತ್ತು. ಕೋಳಿ ಸಾಕುವವರು ದೆಹಲಿಯ ಬಾಗಿಲು ತಟ್ಟಿದರು. ಪತ್ರಿಕೆಗಳಲ್ಲಿ ಮೊಟ್ಟೆ, ಚಿಕನ್ ದರದ ಸುದ್ದಿ ಬಂತು.

ಅದೇ ವರ್ಷ ಕಡಲಿನ ಕಡೆಯಿಂದಲೂ ಒಂದು ಸುದ್ದಿ ಇತ್ತು. ಕೇರಳದ ತೀರದಲ್ಲಿ ಇಡೀ ವರ್ಷಕ್ಕೆ ಸಿಕ್ಕ ಬೂತಾಯಿ (ಸಾರ್ಡೀನ್ ಮೀನು) ಬರೀ 3,297 ಟನ್. ಇದು ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕೊಟ್ಟ ಲೆಕ್ಕ. 2012ರಲ್ಲಿ ಅದೇ ತೀರಕ್ಕೆ ಸುಮಾರು 3.9 ಲಕ್ಷ ಟನ್ ಬಂದಿತ್ತು.

ಒಂದು ಹೊಲದ ಸುದ್ದಿ, ಇನ್ನೊಂದು ಕಡಲ ಸುದ್ದಿ. ಇವೆರಡೂ ಬಂದು ಸೇರುವ ಜಾಗ ಸಿಗಡಿ ಹೊಂಡ. ನೆಲ್ಲೂರಿನಲ್ಲಾಗಲಿ, ಭೀಮಾವರಂನಲ್ಲಾಗಲಿ, ನಮ್ಮ ಕುಮಟಾ, ಕುಂದಾಪುರದಲ್ಲಾಗಲಿ, ಸಿಗಡಿಗೆ ಹಾಕುವ ಕಾಳಿನಂಥ ಮೇವಿನಲ್ಲಿ ಮೂರು ವಸ್ತುಗಳದ್ದೇ ಮೇಲುಗೈ: ಫಿಶ್ ಮೀಲ್ (ಒಣಗಿಸಿದ ಮೀನಿನ ಹುಡಿ), ಸೋಯಾ ಹಿಂಡಿ, ಗೋಧಿ ಹಿಟ್ಟು. ಪ್ರೋಟೀನ್ ಬರುವುದು ಹೆಚ್ಚಾಗಿ ಮೊದಲ ಎರಡರಿಂದ. 2021ರಲ್ಲಿ ಆ ಎರಡೂ ಒಟ್ಟಿಗೆ ಕೈಕೊಟ್ಟವು. ಸಿಗಡಿ ಸಾಕುವ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೇವಿಗೇ ಹೋಗುತ್ತದೆ. ಹಾಗಾಗಿ ಇದು ಸಣ್ಣ ವಿಷಯ ಆಗಿರಲಿಲ್ಲ.

ಈ ಪ್ರಕರಣವನ್ನು ನಾನು ಯಾಕೆ ಆರಿಸಿಕೊಂಡೆ ಅಂದರೆ, "ಮೀನು ಬಿಟ್ಟು ಸಸ್ಯದ ಮೇವಿಗೆ ಬನ್ನಿ, ಎಲ್ಲ ಸರಿಹೋಗುತ್ತೆ" ಅನ್ನುವ ಮಾತು ಈಗ ತುಂಬಾ ಕೇಳಿಬರುತ್ತಿದೆ. ಆ ಮಾತಿನಲ್ಲಿ ಎಷ್ಟು ನಿಜ ಇದೆ, ಎಲ್ಲಿ ಪೊಳ್ಳು ಇದೆ ಅನ್ನುವುದನ್ನು ಆ ಒಂದು ವರ್ಷ ಬಿಡಿಸಿ ತೋರಿಸಿತು.

ಸಿಗಡಿ ಸೋಯಾ ತಿನ್ನಲು ಶುರುಮಾಡಿದ್ದು

ಅಘನಾಶಿನಿ ನದಿಯ ದಂಡೆಯ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ, ಹಳಬರು ಸಿಗಡಿಗೆ ಮೇವು ಹಾಕಿದವರಲ್ಲ. ಮಳೆಗಾಲದಲ್ಲಿ ಕಗ್ಗ ಭತ್ತ, ಆಮೇಲೆ ಉಬ್ಬರದ ನೀರಿನ ಜೊತೆ ಒಳಗೆ ಬಂದ ಮೀನು, ಶೆಟ್ಲಿ (ಸಿಗಡಿ). ನೀರಿನಲ್ಲಿ ಇದ್ದದ್ದನ್ನೇ ತಿಂದು ಅವು ಬೆಳೆಯುತ್ತಿದ್ದವು. ಚೀಲದ ಮೇವು ಬಂದಿದ್ದು ಟೈಗರ್ ಸಿಗಡಿಯ ಕಾಲದಲ್ಲಿ. 1994-95ರ ಹೊತ್ತಿಗೆ ಬಿಳಿ ಚುಕ್ಕೆ ರೋಗ ಆ ಟೈಗರ್ ಬೆಳೆಯನ್ನು ನೆಲಕಚ್ಚಿಸಿತು. 1996ರ ಡಿಸೆಂಬರ್‌ನಲ್ಲಿ ಕರಾವಳಿಯ ಸಿಗಡಿ ಉದ್ಯಮದ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಆಯಿತು. 2009ರಲ್ಲಿ ವನಾಮಿ ಅನ್ನುವ ಇನ್ನೊಂದು ಜಾತಿಯ ಸಿಗಡಿಗೆ ಅನುಮತಿ ಸಿಕ್ಕಿತು.

ವನಾಮಿ ನಮ್ಮ ನೀರಿನದಲ್ಲ. ಅದರ ಮೂಲ ಅಮೆರಿಕ ಖಂಡದ ಪೆಸಿಫಿಕ್ ತೀರ. ಆದರೆ ಅದಕ್ಕೆ ಒಂದು ಗುಣ ಇದೆ. ಟೈಗರ್‌ನಷ್ಟು ಗಟ್ಟಿ ಪ್ರೋಟೀನ್ ಅದಕ್ಕೆ ಬೇಡ. ಮೇವಿನಲ್ಲಿ ಶೇ. 35ರ ಸುಮಾರು ಇದ್ದರೆ ಚೆನ್ನಾಗಿಯೇ ಬೆಳೆಯುತ್ತದೆ. ತಳದಲ್ಲಷ್ಟೇ ಇರದೆ ನೀರಿನ ನಡುವೆಯೂ ಓಡಾಡಿ, ಪಾಚಿ, ಸಣ್ಣಪುಟ್ಟ ಜೀವಿಗಳನ್ನೂ ಮೇಯುತ್ತದೆ. ಸಸ್ಯದ ಪ್ರೋಟೀನ್ ಅದಕ್ಕೆ ಟೈಗರ್‌ಗಿಂತ ಚೆನ್ನಾಗಿ ಒಗ್ಗುತ್ತದೆ. ಸೋಯಾ ಒಳಗೆ ಬಂದದ್ದು ಈ ಬಾಗಿಲಿನಿಂದ.

ಕಾರಣ ಬೆಲೆ. ಒಂದು ಕೆಜಿ ಫಿಶ್ ಮೀಲ್ ಆಗಬೇಕಾದರೆ ನಾಲ್ಕೈದು ಕೆಜಿ ಹಸಿ ಮೀನು ಬೇಕು. ಉಳ್ಳಾಲ, ಮಲ್ಪೆಯ ಕಡೆ ಫಿಶ್ ಮೀಲ್ ಫ್ಯಾಕ್ಟರಿ ಇರುವ ರಸ್ತೆಯಲ್ಲಿ ಹೋದವರಿಗೆ ಆ ವಾಸನೆ ಗೊತ್ತು. ಅಲ್ಲಿಗೆ ಹೋಗುವುದು ಬೂತಾಯಿ, ಟ್ರಾಲ್ ಬಲೆಗೆ ಸಿಕ್ಕ ಮಾರಾಟಕ್ಕೆ ಬಾರದ ಸಣ್ಣ ಮೀನು, ಕೆಲವು ವರ್ಷ ರಾಶಿ ರಾಶಿ ಬರುವ ಕಾರ್ಗಿಲ್ ಮೀನು. ಬೂತಾಯಿ ನಮ್ಮ ಕರಾವಳಿಯ ಬಡವರ ಮನೆ ಮೀನು. ಪುಳಿಮುಂಚಿಗೆ ಬೇಕಾದ ಮೀನು ಹುಡಿಯಾಗಿ, ಕಾಳಾಗಿ, ಆಮೇಲೆ ಸಿಗಡಿಯಾಗಿ ಹಡಗು ಹತ್ತುತ್ತದೆ. ಇದನ್ನು ಕಡಿಮೆ ಮಾಡಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಪ್ರಶ್ನೆ ಇರುವುದು ಅದರ ಜಾಗಕ್ಕೆ ಏನು ಬರುತ್ತದೆ, ಹೇಗೆ ಬರುತ್ತದೆ ಅನ್ನುವುದರಲ್ಲಿ.

ಹಿಂಡಿಯಲ್ಲಿ ಇಲ್ಲದ್ದು

ಸಿಗಡಿಗೆ ಮೀನು ಬೇಕೆಂದೇನೂ ಇಲ್ಲ. ಅದಕ್ಕೆ ಬೇಕಾಗಿರುವುದು ಮೀನಿನಲ್ಲಿರುವ ಕೆಲವು ಅಂಶಗಳು. ಅವು ಎಲ್ಲಿಂದ ಬಂದರೂ ನಡೆಯುತ್ತದೆ. ಆದರೆ ಒಂದೂ ತಪ್ಪುವಂತಿಲ್ಲ.

ಒಂದು ಲೆಕ್ಕ ನೋಡಿ. ಸೋಯಾ ಹಿಂಡಿಯಲ್ಲಿ ಶೇ. 44ರಿಂದ 48ರಷ್ಟು ಪ್ರೋಟೀನ್ ಇದೆ. ಒಳ್ಳೆಯ ಫಿಶ್ ಮೀಲ್‌ನಲ್ಲಿ ಶೇ. 60ಕ್ಕೂ ಮೇಲೆ. ಇಷ್ಟೇ ಆಗಿದ್ದರೆ ಸ್ವಲ್ಪ ಜಾಸ್ತಿ ಹಿಂಡಿ ಹಾಕಿದರೆ ಮುಗಿಯುತ್ತಿತ್ತು. ಆದರೆ ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರಪಳಿ. ಅದರಲ್ಲಿ ಮೆಥಿಯೊನಿನ್ ಅನ್ನುವ ಕೊಂಡಿ ಸೋಯಾದಲ್ಲಿ ತೀರಾ ಕಡಿಮೆ. 30 ಕೆಜಿ ಸೋಯಾ ಹಿಂಡಿಯಲ್ಲಿ ಸಿಗುವುದು ಹೆಚ್ಚುಕಡಿಮೆ 195 ಗ್ರಾಂ. 10 ಕೆಜಿ ಫಿಶ್ ಮೀಲ್‌ನಲ್ಲೇ 170 ಗ್ರಾಂ ಹತ್ತಿರ ಸಿಗುತ್ತದೆ. ಮೆಥಿಯೊನಿನ್ ಸಾಲದಿದ್ದರೆ ಬೇರೆ ಅಮೈನೋ ಆಮ್ಲ ಎಷ್ಟಿದ್ದರೂ ಮಾಂಸ ಆಗುವುದಿಲ್ಲ. ಉಳಿದದ್ದು ಅಮೋನಿಯಾ ಆಗಿ ಹೊಂಡದ ನೀರಿಗೆ ಸೇರುತ್ತದೆ. ರೈತ ದುಡ್ಡು ಕೊಟ್ಟು ತಂದ ಪ್ರೋಟೀನ್ ಅವನ ನೀರನ್ನೇ ಕೆಡಿಸುತ್ತದೆ.

ಹಾಗಾದರೆ ಮೆಥಿಯೊನಿನ್ ಪುಡಿ ಬೆರೆಸಿದರೆ ಆಯಿತಲ್ಲ? ಕೋಳಿಗೆ ಹಾಗೇ ಮಾಡುತ್ತಾರೆ. ಸಿಗಡಿಗೆ ಅದು ಅಷ್ಟು ಸುಲಭ ಅಲ್ಲ. ಕೋಳಿ ಕಾಳು ಕಂಡ ತಕ್ಷಣ ಕುಕ್ಕಿ ನುಂಗುತ್ತದೆ. ಸಿಗಡಿ ಕಾಳನ್ನು ಕಾಲಿನಲ್ಲಿ ಹಿಡಿದು, ಕೊರೆದು ಕೊರೆದು ನಿಧಾನಕ್ಕೆ ತಿನ್ನುತ್ತದೆ. ಅಷ್ಟರಲ್ಲಿ ಬಿಡಿಯಾಗಿ ಬೆರೆಸಿದ ಪುಡಿ ನೀರಿಗೆ ಕರಗಿ ಹೋಗಿರುತ್ತದೆ. ಅದಕ್ಕೇ ಸಿಗಡಿ ಮೇವಿಗೆ ಲೇಪ ಹಚ್ಚಿದ ಮೆಥಿಯೊನಿನ್, ಇಲ್ಲವೇ ಎರಡು ಮೆಥಿಯೊನಿನ್ ಜೋಡಿಸಿ ಮಾಡಿದ, ನೀರಿನಲ್ಲಿ ಬೇಗ ಕರಗದ ಪುಡಿ ಬೇಕು. ಬೆಲೆಯೂ ಅದಕ್ಕೆ ತಕ್ಕ ಹಾಗೆ.

ಎರಡನೆಯದು ಕೊಲೆಸ್ಟರಾಲ್. ನಾವು ಡಾಕ್ಟರ ಹತ್ತಿರ ಹೋಗಿ ಕಡಿಮೆ ಮಾಡಿಸಿಕೊಳ್ಳುವ ವಸ್ತು ಸಿಗಡಿಗೆ ಜೀವಾಳ. ನಮ್ಮ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ, ಸಿಗಡಿಯ ದೇಹಕ್ಕೆ ಆ ಶಕ್ತಿ ಇಲ್ಲ. ಸಿಗಡಿ ಬೆಳೆಯಬೇಕಾದರೆ ಪ್ರತಿ ಸಲವೂ ಹಳೆ ಚಿಪ್ಪು ಕಳಚಲೇಬೇಕು. ಆ ಕಳಚುವಿಕೆಯ ಹಾರ್ಮೋನು ತಯಾರಾಗುವುದು ಕೊಲೆಸ್ಟರಾಲ್‌ನಿಂದ. ಫಿಶ್ ಮೀಲ್, ಕಪ್ಪೆ ಬೊಂಡಾಸ್ ಅನ್ನುವ ಸ್ಕ್ವಿಡ್ ಬಗೆಯ ಕಡಲಜೀವಿಯ ಹುಡಿ, ಸಿಗಡಿ ತಲೆಯ ಹುಡಿ ಇವುಗಳಲ್ಲಿ ಅದು ಸಹಜವಾಗಿ ಇರುತ್ತದೆ. ಗಿಡದಲ್ಲಿ ಹೆಸರಿಗಷ್ಟೇ. ಸಸ್ಯದ ಪಾಲು ಜಾಸ್ತಿ ಮಾಡಿದಾಗ ಒಂದು ಟನ್ ಮೇವಿಗೆ ಒಂದೆರಡು ಕೆಜಿಯಷ್ಟು ಕೊಲೆಸ್ಟರಾಲನ್ನು ಬೇರೆಯಾಗಿ ಸೇರಿಸಬೇಕಾಗುತ್ತದೆ. ಈ ಪುಡಿಯ ಒಂದು ದೊಡ್ಡ ಮೂಲ ಯಾವುದು ಗೊತ್ತಾ? ಕುರಿಯ ಉಣ್ಣೆಗೆ ಅಂಟಿರುವ ಜಿಡ್ಡು. ಉಣ್ಣೆ ತೊಳೆಯುವಾಗ ಬರುವ ಆ ಜಿಡ್ಡನ್ನು ಶುದ್ಧ ಮಾಡಿ ಇದನ್ನು ತೆಗೆಯುತ್ತಾರೆ. "ಸಸ್ಯಾಧಾರಿತ" ಅಂತ ಕರೆಯುವ ಮೇವಿನ ಚೀಲದೊಳಗೆ ಹೀಗೆ ಕುರಿಯೂ ಬಂದು ಕೂತಿರುತ್ತದೆ.

ಮೂರನೆಯದು ರಂಜಕ. ಸೋಯಾದಲ್ಲಿ ರಂಜಕ ಇದೆ, ಆದರೆ ಅದರ ಮೂರರಲ್ಲಿ ಎರಡು ಪಾಲು ಫೈಟೇಟ್ ಅನ್ನುವ ಗಂಟಿನಲ್ಲಿ ಸಿಕ್ಕಿಕೊಂಡಿರುತ್ತದೆ. ಸಿಗಡಿಗೆ ಆ ಗಂಟು ಬಿಚ್ಚಲು ಆಗುವುದಿಲ್ಲ. ಗಂಟು ಸುಮ್ನೆ ಇರುವುದೂ ಇಲ್ಲ, ಸತುವಿನಂಥ ಖನಿಜಗಳನ್ನೂ ಜೊತೆಗೆ ಕಟ್ಟಿಹಾಕುತ್ತದೆ. ಬಿಚ್ಚಲು ಫೈಟೇಸ್ ಅನ್ನುವ ಕಿಣ್ವ ಇದೆ. ಆದರೆ ಮೇವಿನ ಕಾಳು ಒತ್ತುವ ಮುಂಚೆ ಹಿಟ್ಟನ್ನು ಹಬೆಯಲ್ಲಿ ಬೇಯಿಸುತ್ತಾರೆ. ಆ ಬಿಸಿಗೆ ಸಾಮಾನ್ಯ ಕಿಣ್ವ ಸತ್ತುಹೋಗುತ್ತದೆ. ಹಾಗಾಗಿ ಕಾಳು ತಣ್ಣಗಾದ ಮೇಲೆ ಸಿಂಪಡಿಸಬೇಕು, ಇಲ್ಲವೇ ಬಿಸಿ ತಡೆಯುವ ಬಗೆಯನ್ನು ತರಬೇಕು. ಇದೂ ಬೇಡ ಅಂದರೆ ರಂಜಕದ ಲವಣವನ್ನು ನೇರವಾಗಿ ಹಾಕಬೇಕು.

ನಾಲ್ಕನೆಯದು ಮೀನೆಣ್ಣೆಯ ಉದ್ದ ಸರಪಳಿಯ ಕೊಬ್ಬುಗಳು. ಇವು ಸೋಯಾ ಎಣ್ಣೆಯಲ್ಲಿ ಇಲ್ಲ. ಮೀನೆಣ್ಣೆಯಿಂದ ಬರಬೇಕು, ಇಲ್ಲವೇ ಕಡಲ ಪಾಚಿಯಿಂದ ಬರಬೇಕು. ಲೆಸಿಥಿನ್ ಅನ್ನುವ ಕೊಬ್ಬಿನಂಥ ಅಂಶದ ವಿಷಯದಲ್ಲಿ ಮಾತ್ರ ಸೋಯಾ ಕೊಡುಗೈ. ಸಿಗಡಿಗೆ ಬೇಕಾದ ಲೆಸಿಥಿನ್ ಬರುವುದೇ ಸೋಯಾ ಎಣ್ಣೆಯ ಗಾಣದಿಂದ.

ಇನ್ನು ರುಚಿ. ಸಿಗಡಿ ಮೇವನ್ನು ಹುಡುಕುವುದು ಕಣ್ಣಿನಿಂದಲ್ಲ, ಮೀಸೆ ಮತ್ತು ಕಾಲುಗಳಿಂದ ನೀರಿನ ವಾಸನೆ ಹಿಡಿದು. ಮೀನಿನ ವಾಸನೆ ಇಲ್ಲದ ಕಾಳು ತಳದಲ್ಲಿ ಬಿದ್ದೇ ಇರುತ್ತದೆ. ಅದಕ್ಕೆ ಸ್ವಲ್ಪ ಬೊಂಡಾಸಿನ ಹುಡಿ, ಕ್ರಿಲ್ (ಸಿಗಡಿಯಂಥ ಸಣ್ಣ ಕಡಲಜೀವಿ) ಹುಡಿ, ಮೀನಿನ ರಸ ಬೆರೆಸುತ್ತಾರೆ.

ಕೊನೆಗೆ, ಹಿಂಡಿಯನ್ನು ಹೇಗೆ ಬೇಯಿಸಿದ್ದಾರೆ ಅನ್ನುವುದು. ಮನೆಯಲ್ಲಿ ಕಾಳು ಅರೆಬೆಂದರೆ ಹೊಟ್ಟೆ ಕೆಡುತ್ತದೆ, ಅಲ್ವಾ? ಸೋಯಾಬೀನ್‌ನಲ್ಲೂ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಇದೆ. ಬಿಸಿ ಮಾಡಿದರೆ ಅದು ಹೋಗುತ್ತದೆ. ಬಿಸಿ ಜಾಸ್ತಿಯಾದರೆ ಲೈಸಿನ್ ಅನ್ನುವ ಇನ್ನೊಂದು ಅಮೈನೋ ಆಮ್ಲ ಸುಟ್ಟುಹೋಗುತ್ತದೆ. ಇದನ್ನು ನೋಡಲು ಫ್ಯಾಕ್ಟರಿಯ ಲ್ಯಾಬಿನಲ್ಲಿ ಒಂದು ಸರಳ ಪರೀಕ್ಷೆ ಇದೆ. ಪೊಟ್ಯಾಷ್ ಕ್ಷಾರದ ನೀರಿನಲ್ಲಿ ಹಿಂಡಿಯ ಪ್ರೋಟೀನ್ ಶೇ. 75ರಿಂದ 85ರಷ್ಟು ಕರಗಿದರೆ ಹದ ಸರಿ. ಅದಕ್ಕಿಂತ ಜಾಸ್ತಿ ಕರಗಿದರೆ ಬೆಂದಿಲ್ಲ, ತೀರಾ ಕಡಿಮೆ ಕರಗಿದರೆ ಸೀದಿದೆ. ಹಿಂಡಿಗೆ ಬರ ಬಂದಾಗ, ಸಿಕ್ಕಿದ್ದನ್ನು ಕೊಳ್ಳುವ ಅವಸರದಲ್ಲಿ, ಮೊದಲು ಬಿಟ್ಟುಹೋಗುವ ಸಾಧ್ಯತೆ ಇರುವುದೇ ಇಂಥ ಪರೀಕ್ಷೆ. ನನಗೆ ಅತಿ ಹೆಚ್ಚು ಆತಂಕ ಹುಟ್ಟಿಸುವ ಭಾಗ ಇದು.

ಇಷ್ಟೆಲ್ಲ ಹೇಳಿದ್ದರ ಅರ್ಥ ಸಸ್ಯದ ಮೇವು ಆಗದು ಅಂತಲ್ಲ. ಆಗುತ್ತದೆ. ಆದರೆ ಮೇವಿನಿಂದ ಮೀನನ್ನು ಎಷ್ಟು ಹಿಂದೆ ಸರಿಸುತ್ತೀರೋ ಅಷ್ಟು ಸಣ್ಣ ಸಣ್ಣ ಪೂರಕಗಳ ಮೇಲೆ ಭಾರ ಬೀಳುತ್ತದೆ. ತೂಕದಲ್ಲಿ ಅವು ಒಂದೆರಡು ಮುಷ್ಟಿ. ಆ ಮುಷ್ಟಿ ತಪ್ಪಿದರೆ ಚೀಲದಲ್ಲಿರುವ ಹಿಂಡಿ ಪೂರ್ತಿ ದಂಡ.

ಒಂದು ಕೆಜಿ ಸಿಗಡಿಗೆ ಎಷ್ಟು ಹೊರೆ

2021ಕ್ಕೆ ವಾಪಸ್ ಬರೋಣ. ಲೆಕ್ಕಕ್ಕೆ, 100 ಕೆಜಿ ಮೇವಿನಲ್ಲಿ 30 ಕೆಜಿ ಸೋಯಾ ಹಿಂಡಿ ಇದೆ ಅಂತ ಇಟ್ಟುಕೊಳ್ಳಿ. ಹಿಂಡಿ ಕೆಜಿಗೆ 40 ರೂಪಾಯಿಯಿಂದ 100ಕ್ಕೆ ಹೋದರೆ ಆ 30 ಕೆಜಿಗೇ 1,800 ರೂಪಾಯಿ ಹೆಚ್ಚಾಯಿತು. ಅಂದರೆ ಕೆಜಿ ಮೇವಿಗೆ 18 ರೂಪಾಯಿ. ಒಂದು ಕೆಜಿ ಸಿಗಡಿ ಬೆಳೆಯಲು 1.4 ಕೆಜಿ ಮೇವು ಹೋಗುತ್ತದೆ ಅಂದರೆ ಕೆಜಿ ಸಿಗಡಿಗೆ 25 ರೂಪಾಯಿ ಹೆಚ್ಚುವರಿ ಹೊರೆ. 4 ಟನ್ ಬೆಳೆ ತೆಗೆಯುವ ಹೊಂಡಕ್ಕೆ ಒಂದು ಲಕ್ಷ ರೂಪಾಯಿ. ಕಂಪನಿಗಳ ಬಳಿ ಹಳೆ ದಾಸ್ತಾನು ಇರುತ್ತದೆ, ಏರಿಕೆಯನ್ನೆಲ್ಲ ಒಂದೇ ಸಲ ರೈತನ ಮೇಲೆ ಹಾಕುವುದಿಲ್ಲ. ಆದರೂ ಹೊರೆ ಎಷ್ಟು ದೊಡ್ಡದು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಹಿಂದೆ ಫಿಶ್ ಮೀಲ್ ದುಬಾರಿ ಆದಾಗ ಕಂಪನಿಗಳು ಸೋಯಾದ ಕಡೆ ವಾಲುತ್ತಿದ್ದವು. ಈ ಸಲ ಸೋಯಾದಿಂದ ಎತ್ತ ವಾಲುವುದು? ಮೀನಿನ ಕಡೆ ಹೋಗೋಣ ಅಂದರೆ ಬೂತಾಯಿ ಇಲ್ಲ. ಪೆರುವಿನ ಆಂಚೊವಿ ಮೀನಿನ ಹುಡಿ ಜಗತ್ತಿಗೆಲ್ಲ ಬೇಕು, ಅದರ ಬೆಲೆ ನಮ್ಮ ಕೈಯಲ್ಲಿಲ್ಲ. ಆಮದು ಸುಂಕ ಬೇರೆ ಇತ್ತು.

ಉಳಿದದ್ದು ಬೇರೆ ಹಿಂಡಿಗಳು. ಒಂದೊಂದರ ಕಥೆಯೂ ಒಂದೊಂದು. ಶೇಂಗಾ ಹಿಂಡಿ ನಮ್ಮಲ್ಲಿ ಧಾರಾಳ, ಆದರೆ ತೇವ ತಗುಲಿದರೆ ಅಫ್ಲಟಾಕ್ಸಿನ್ ವಿಷ ಕೂರುತ್ತದೆ. ಲೈಸಿನ್, ಮೆಥಿಯೊನಿನ್ ಎರಡೂ ಕಡಿಮೆ. ಹತ್ತಿಬೀಜದ ಹಿಂಡಿಯಲ್ಲಿ ಗಾಸಿಪಾಲ್ ಅನ್ನುವ ಅಂಶ ಇದೆ, ಅದು ಲೈಸಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಾಸಿವೆ ಹಿಂಡಿಗೆ ಘಾಟು. ಸೂರ್ಯಕಾಂತಿಯಲ್ಲಿ ನಾರು ಜಾಸ್ತಿ. ಧಾನ್ಯದಿಂದ ಎಥನಾಲ್ ತೆಗೆದ ಮೇಲೆ ಉಳಿಯುವ ಡಿಡಿಜಿಎಸ್ ಅಗ್ಗ, ಆದರೆ ಒಂದು ಲಾರಿಯಂತೆ ಇನ್ನೊಂದು ಲಾರಿ ಇರುವುದಿಲ್ಲ. ಇವನ್ನು ಸ್ವಲ್ಪ ಸ್ವಲ್ಪ ಬೆರೆಸಬಹುದು. ಪ್ರತಿ ಬೆರಕೆಗೂ ಪೂರಕಗಳ ಲೆಕ್ಕ ಹೊಸದಾಗಿ ಮಾಡಬೇಕು.

ಇಲ್ಲಿ ರೈತ ಪೂರ್ತಿ ಕತ್ತಲಲ್ಲಿ ಇರುತ್ತಾನೆ. ಚೀಲದ ಮೇಲೆ "ಪ್ರೋಟೀನ್ ಶೇ. 35" ಅಂತ ಬರೆದಿರುತ್ತದೆ. ಆ ಅಂಕಿ ಬರುವುದು ಮೇವಿನಲ್ಲಿರುವ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ. ಸಾರಜನಕ ಮೀನಿನದೋ, ಸೀದ ಹಿಂಡಿಯದೋ, ಪರೀಕ್ಷೆಗೆ ಗೊತ್ತಾಗುವುದಿಲ್ಲ. ಚೀನಾದಲ್ಲಿ 2008ರಲ್ಲಿ ಮಕ್ಕಳ ಹಾಲಿನ ಪುಡಿಗೆ ಮೆಲಮೈನ್ ಬೆರೆಸಿದವರು ಬಳಸಿಕೊಂಡಿದ್ದು ಇದೇ ಸಂದನ್ನು. ಸೋಯಾದ ಮೇವು, ಮೀನಿನ ಮೇವು ಎರಡಕ್ಕೂ ಚೀಲದ ಮೇಲೆ ಒಂದೇ ಅಂಕಿ. ಜೀರ್ಣವಾಗುವ ಮೆಥಿಯೊನಿನ್ ಎಷ್ಟು, ಲೈಸಿನ್ ಎಷ್ಟು, ಕೊಲೆಸ್ಟರಾಲ್ ಎಷ್ಟು ಅನ್ನುವುದನ್ನು ಚೀಲದ ಮೇಲೆ ಬರೆಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೇವಿನ ಗುಣಮಟ್ಟಕ್ಕೆಂದೇ ಆಂಧ್ರಪ್ರದೇಶ 2020ರಲ್ಲಿ ಒಂದು ಕಾಯ್ದೆ ಮಾಡಿತು. ದಾರಿ ಅದೇ. ಆದರೆ ಪ್ರೋಟೀನ್ ಅಂಕಿಯಲ್ಲೇ ನಿಂತರೆ ಸಾಲದು.

ಹೊಂಡದ ದಂಡೆಯಲ್ಲಿ

ಮೇವು ಬದಲಾಗಿದೆ ಅಂತ ರೈತನಿಗೆ ಯಾರೂ ಹೇಳುವುದಿಲ್ಲ. ಅವನಿಗೆ ಗೊತ್ತಾಗುವುದು ಚೆಕ್ ಟ್ರೇಯಿಂದ, ಅಂದರೆ ಸಿಗಡಿ ಮೇವು ಎಷ್ಟು ತಿಂದಿದೆ ಅಂತ ನೋಡಲು ಹೊಂಡದಲ್ಲಿ ಇಳಿಬಿಡುವ ತಟ್ಟೆಯಿಂದ. ಎರಡು ಗಂಟೆಯಲ್ಲಿ ಖಾಲಿಯಾಗುತ್ತಿದ್ದ ಟ್ರೇಯಲ್ಲಿ ಕಾಳು ಉಳಿಯುತ್ತದೆ. ಚಿಪ್ಪು ಮೆತ್ತಗಾಗುತ್ತದೆ. ಒಂದೇ ದಿನ ಬಿಟ್ಟ ಮರಿಗಳಲ್ಲಿ ಕೆಲವು ದೊಡ್ಡವು, ಕೆಲವು ಕಿರುಬೆರಳಿನಷ್ಟು. 50 ಕೌಂಟ್ (ಕೆಜಿಗೆ 50 ಸಿಗಡಿ) ಬರಬೇಕಾದ ಹೊತ್ತಿಗೆ 80 ಕೌಂಟ್.

ತೊಂದರೆ ಏನೆಂದರೆ, ಇವೇ ಲಕ್ಷಣಗಳು ಬೇರೆ ಕಾರಣಕ್ಕೂ ಬರುತ್ತವೆ. ಇಎಚ್‌ಪಿ ಅನ್ನುವ ಸೂಕ್ಷ್ಮ ಪರಾವಲಂಬಿ ಸಿಗಡಿಯ ಲಿವರ್‌ನಲ್ಲಿ ಸೇರಿಕೊಂಡರೆ ಬೆಳವಣಿಗೆ ಹೀಗೇ ನಿಲ್ಲುತ್ತದೆ. ಬಿಳಿ ಹಿಕ್ಕೆ ತೇಲುತ್ತದೆ. ನೀರಿನಲ್ಲಿ ಖನಿಜ ಕಡಿಮೆಯಾದರೂ ಚಿಪ್ಪು ಮೆತ್ತಗಾಗುತ್ತದೆ. ರೈತ ಮೇವನ್ನು ದೂರುತ್ತಾನೆ, ಮೇವಿನವರು ಮರಿಯನ್ನು ದೂರುತ್ತಾರೆ, ಮರಿಯವರು ನೀರನ್ನು ದೂರುತ್ತಾರೆ. ಪಿಸಿಆರ್ ಪರೀಕ್ಷೆ ಮಾಡಿಸಿದರೆ ಇಎಚ್‌ಪಿ ಇದೆಯೋ ಇಲ್ಲವೋ ಖಚಿತವಾಗುತ್ತದೆ. ಮಾಡಿಸದೆ ಜಗಳಕ್ಕೆ ಕೊನೆ ಇಲ್ಲ.

ಈ ಗೊಂದಲದ ನಡುವೆ ಬರುವವರು ಡಬ್ಬಿ ಮಾರುವವರು. ಜೆಲ್, ಪ್ರೋಬಯಾಟಿಕ್, ಲಿವರ್ ಟಾನಿಕ್, ಮಿನರಲ್, ಬೆಳ್ಳುಳ್ಳಿ ಸಾರ. ಮೇವಿಗೆ ಕಲಸಿ, ಒಣಗಿಸಿ ಹಾಕಿ ಅನ್ನುತ್ತಾರೆ. ಇವೆಲ್ಲ ಮೋಸ ಅಂತ ನಾನು ಹೇಳುವುದಿಲ್ಲ. ಸಾವಯವ ಆಮ್ಲದ ಲವಣಗಳು, ಯೀಸ್ಟಿನ ಗೋಡೆಯಿಂದ ತೆಗೆದ ಬೀಟಾ ಗ್ಲುಕನ್, ಒಳ್ಳೆಯ ಬ್ಯಾಸಿಲಸ್ ಬ್ಯಾಕ್ಟೀರಿಯಾ ಇವುಗಳಿಗೆಲ್ಲ ಅವುಗಳದ್ದೇ ಕೆಲಸ ಇದೆ. ಆದರೆ ಮೆಥಿಯೊನಿನ್ ಕೊರತೆಯನ್ನು ಪ್ರೋಬಯಾಟಿಕ್ ತುಂಬುವುದಿಲ್ಲ. ಬಂದಿರುವ ಇಎಚ್‌ಪಿಯನ್ನು ಯಾವ ಟಾನಿಕ್ಕೂ ತೆಗೆಯುವುದಿಲ್ಲ. ಫ್ಯಾಕ್ಟರಿಯಲ್ಲಿ ಗ್ರಾಂ ಲೆಕ್ಕದಲ್ಲಿ ಬೆರೆಯಬೇಕಾದ ಪೂರಕವನ್ನು ದಂಡೆಯ ಮೇಲೆ ಬಕೆಟ್ಟಿನಲ್ಲಿ ಕಲಸಿದರೆ ಅರ್ಧ ನೀರಿನ ಪಾಲು. ಅದಕ್ಕಿಂತ ಅಪಾಯ, ಆತಂಕದಲ್ಲಿ ಯಾರೋ ಕೊಟ್ಟ ಹೆಸರಿಲ್ಲದ ಪುಡಿಯಲ್ಲಿ ನಿಷೇಧಿತ ಆಂಟಿಬಯಾಟಿಕ್ ಇದ್ದರೆ. ನೈಟ್ರೋಫ್ಯೂರಾನ್, ಕ್ಲೋರಾಂಫೆನಿಕಾಲ್ ಕುರುಹು ಸಿಕ್ಕಿದರೆ ಯುರೋಪಿನ ಬಂದರಿನಲ್ಲಿ ಇಡೀ ಕಂಟೇನರ್ ನಿಲ್ಲುತ್ತದೆ. 2021-22ರಲ್ಲಿ ಭಾರತದಿಂದ ಹೊರಗೆ ಹೋದ ಶೈತ್ಯೀಕರಿಸಿದ ಸಿಗಡಿ 7.28 ಲಕ್ಷ ಟನ್. ಅಷ್ಟು ದೊಡ್ಡ ವ್ಯಾಪಾರ ಒಂದು ಪುಡಿಯ ಪೊಟ್ಟಣಕ್ಕೆ ಸಿಕ್ಕಿಕೊಳ್ಳಬಾರದು.

ಬಂದರು ತೆರೆದಾಗ

2021ರ ಆಗಸ್ಟ್ 24ರಂದು ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ಆಮದಿಗೆ ಅವಕಾಶ ಕೊಟ್ಟಿತು. ನಮ್ಮಲ್ಲಿ ಕುಲಾಂತರಿ ಸೋಯಾ ಬೆಳೆಯುವಂತಿಲ್ಲ. ಆದರೆ ಎಣ್ಣೆ ತೆಗೆದು ಪುಡಿ ಮಾಡಿದ ಹಿಂಡಿಯಲ್ಲಿ ಮೊಳೆಯುವ ಜೀವ ಇರುವುದಿಲ್ಲ, ಆದ್ದರಿಂದ ಅಭ್ಯಂತರ ಇಲ್ಲ ಅಂತ ಪರಿಸರ ಸಚಿವಾಲಯ ಹೇಳಿತು. ಮೊದಲು ನ್ಹಾವಾ ಶೇವಾ ಬಂದರು ಮತ್ತು ಬಾಂಗ್ಲಾ ಗಡಿಯ ಪೆಟ್ರಾಪೋಲ್ ಮೂಲಕ, ಅಕ್ಟೋಬರ್ ಕೊನೆಯವರೆಗೆ. ಆಮೇಲೆ ಅವಧಿಯನ್ನು 2022ರ ಜನವರಿಗೆ ಮುಂದೂಡಿದರು. ಡಿಸೆಂಬರ್‌ನಲ್ಲಿ ಸೋಯಾ ಹಿಂಡಿಯ ದಾಸ್ತಾನಿಗೆ ಮಿತಿ ಹಾಕಿದರು, ಸೋಯಾಬೀನ್ ಮುಂಗಡ ವಹಿವಾಟನ್ನೂ ನಿಲ್ಲಿಸಿದರು. 2022ರ ಮೇನಲ್ಲಿ ಉಳಿದ 5.5 ಲಕ್ಷ ಟನ್ನಿಗೆ ಮತ್ತೆ ಬಾಗಿಲು ತೆರೆದರು.

ಮೇವಿನವರು ನಿಟ್ಟುಸಿರು ಬಿಟ್ಟರು. ಆದರೆ ಬೀದರ್, ಧಾರವಾಡ, ಬೆಳಗಾವಿಯ ಸೋಯಾ ಬೆಳೆಗಾರರ ಕಡೆಯಿಂದ ನೋಡಿದರೆ ಇದೇ ಘಟನೆ ಬೇರೆ. ಆಗಸ್ಟ್‌ನಲ್ಲಿ ಕ್ವಿಂಟಲ್ಲಿಗೆ 10 ಸಾವಿರ ಮುಟ್ಟಿದ್ದ ಸೋಯಾಬೀನ್, ಹೊಸ ಬೆಳೆ ಮಾರುಕಟ್ಟೆಗೆ ಬರುವ ಹೊತ್ತಿಗೆ ಸುಮಾರು ಅರ್ಧಕ್ಕೆ ಇಳಿದಿತ್ತು. ಆ ವರ್ಷದ ಬೆಂಬಲ ಬೆಲೆ 3,950 ರೂಪಾಯಿ, ಅದಕ್ಕಿಂತ ಮೇಲೆಯೇ ಇತ್ತು ನಿಜ. ಆದರೂ 10 ಸಾವಿರ ದರ ಇದ್ದಾಗ ಬಹುಪಾಲು ರೈತರ ಮನೆಯಲ್ಲಿ ಮಾರಲು ಕಾಳೇ ಇರಲಿಲ್ಲ. ಏರಿದ ಬೆಲೆ ದಾಸ್ತಾನಿದ್ದವರಿಗೆ ಸಿಕ್ಕಿತು, ಇಳಿದ ಬೆಲೆ ಬೆಳೆದವರಿಗೆ.

ಕಡಲ ಮೀನನ್ನು ಉಳಿಸಲು ಸೋಯಾಕ್ಕೆ ಹೋದೆವು ಅನ್ನುವಾಗ ಈ ಹೊಲವನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಅವಲಂಬನೆ ಮಲ್ಪೆಯ ದಕ್ಕೆಯಿಂದ ಬೀದರಿನ ಕರಿ ಮಣ್ಣಿಗೆ ಜಾಗ ಬದಲಾಯಿಸಿತು, ಅಷ್ಟೇ. ಮೇವು ತಯಾರಿಸುವವರಿಗೆ ನಿಜವಾದ ಧೈರ್ಯ ಬರುವುದು ಯಾವ ಹಿಂಡಿ ಸಿಕ್ಕರೂ ಅದರ ಕೊರತೆಯನ್ನು ಅಳೆದು ತುಂಬಲು ಗೊತ್ತಿದ್ದಾಗ.

ಅಲಬಾಮಾದ ಹೊಂಡಗಳು

ಇದು ಆಗುವ ಮಾತೇ ಅನ್ನುವವರಿಗೆ ಒಂದು ಪ್ರಯೋಗ ನೆನಪಿಸಬೇಕು. ಅಮೆರಿಕದ ಅಲಬಾಮಾದಲ್ಲಿ ಆಬರ್ನ್ ವಿಶ್ವವಿದ್ಯಾಲಯದವರು ವನಾಮಿ ಮೇಲೆ ಮಾಡಿದ ಕೆಲಸ, 2007ರಲ್ಲಿ ಪ್ರಕಟವಾಯಿತು. ಗಲ್ಫ್ ಶೋರ್ಸ್‌ನ ಹತ್ತನೇ ಒಂದು ಹೆಕ್ಟೇರಿನ ಹೊಂಡಗಳು, ಚದರ ಮೀಟರಿಗೆ 35 ಮರಿ. ನಾಲ್ಕು ಬಗೆಯ ಮೇವು. ಫಿಶ್ ಮೀಲ್ ಶೇ. 9, 6, 3, ಕೊನೆಯದರಲ್ಲಿ ಸೊನ್ನೆ. ಕಡಿಮೆಯಾದ ಜಾಗಕ್ಕೆ ಸೋಯಾ ಹಿಂಡಿ ಮತ್ತು ಮೆಕ್ಕೆಜೋಳದ ಗ್ಲುಟೆನ್ (ಪ್ರೋಟೀನ್ ಭಾಗ). ಕೊನೆಯಲ್ಲಿ ನಾಲ್ಕರ ಇಳುವರಿ, ಉಳಿವು, ತೂಕದಲ್ಲಿ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಕಾಣಲಿಲ್ಲ.

ಮೆಕ್ಕೆಜೋಳ ಯಾಕೆ ಅಂತ ನಮ್ಮ ಅಡುಗೆಮನೆಯನ್ನು ಕೇಳಿದರೆ ಗೊತ್ತಾಗುತ್ತದೆ. ಬೇಳೆಯಲ್ಲಿ ಲೈಸಿನ್ ಇದೆ, ಮೆಥಿಯೊನಿನ್ ಕಡಿಮೆ. ಧಾನ್ಯದಲ್ಲಿ ಮೆಥಿಯೊನಿನ್ ಇದೆ, ಲೈಸಿನ್ ಕಡಿಮೆ. ರೊಟ್ಟಿಗೆ ಕಾಳು ಪಲ್ಯ, ಅನ್ನಕ್ಕೆ ಸಾರು. ಸಿಗಡಿಗೂ ಅದೇ ಜೋಡಿ.

ಆದರೆ ಇದನ್ನು ಹೇಳುವವರು ಹೆಚ್ಚಾಗಿ ಬಿಟ್ಟುಬಿಡುವ ಒಂದು ಸಂಗತಿ ಇದೆ. ನಾಲ್ಕೂ ಮೇವಿನಲ್ಲಿ ಶೇ. 16ರಷ್ಟು ಕೋಳಿ ಸಂಸ್ಕರಣೆಯ ಉಪಉತ್ಪನ್ನದ ಹುಡಿ ಇತ್ತು. ಹೊಂಡದಲ್ಲಿ ಸಹಜ ಆಹಾರವೂ ಇತ್ತು. ಮೀನು ಸೊನ್ನೆಯಾಯಿತೇ ಹೊರತು ಪ್ರಾಣಿಜನ್ಯ ಪ್ರೋಟೀನ್ ಸೊನ್ನೆಯಾಗಿರಲಿಲ್ಲ. ಪ್ಲಾಸ್ಟಿಕ್ ಹಾಸಿದ, ಮರಿ ದಟ್ಟವಾಗಿ ತುಂಬಿದ ಹೊಂಡದಲ್ಲಿ ಸಹಜ ಆಹಾರದ ಪಾಲು ಚಿಕ್ಕದಾಗುತ್ತದೆ. ಅಲ್ಲಿ ಪೂರಕದ ತಪ್ಪು ಬೇಗ ಬಯಲಾಗುತ್ತದೆ.

ಸುಂಕದ ಪಟ್ಟಿ

2023ರ ಫೆಬ್ರವರಿಯ ಬಜೆಟ್‌ನಲ್ಲಿ ಸಿಗಡಿ ಮೇವಿನ ಒಳಸುರಿಗಳ ಆಮದು ಸುಂಕ ಇಳಿಯಿತು. ಫಿಶ್ ಮೀಲ್, ಕ್ರಿಲ್ ಹುಡಿ, ಖನಿಜ ಮತ್ತು ವಿಟಮಿನ್ ಮಿಶ್ರಣ ಶೇ. 15ರಿಂದ 5ಕ್ಕೆ. ಮೀನಿನ ಕೊಬ್ಬಿನ ಎಣ್ಣೆ, ಪಾಚಿಯ ಹಿಟ್ಟು ಶೇ. 30ರಿಂದ 15ಕ್ಕೆ. ಈ ಪಟ್ಟಿಯನ್ನು ಸೋಯಾ ಹಿಂಡಿಯ ಪಕ್ಕ ಇಟ್ಟು ಓದಿ. ರುಚಿಗೆ ಕ್ರಿಲ್, ಉದ್ದ ಸರಪಳಿಯ ಕೊಬ್ಬಿಗೆ ಮೀನೆಣ್ಣೆ ಮತ್ತು ಪಾಚಿ, ಫೈಟೇಟ್ ಕಟ್ಟಿಹಾಕಿದ ಖನಿಜಕ್ಕೆ ಖನಿಜ ಮಿಶ್ರಣ. ಹಿಂಡಿಯಲ್ಲಿ ಏನಿಲ್ಲವೋ ಅದರದ್ದೇ ಪಟ್ಟಿ.

ಇವುಗಳಲ್ಲಿ ಎಷ್ಟನ್ನು ನಾವೇ ಮಾಡಿಕೊಳ್ಳಬಹುದು ಅನ್ನುವುದು ಮುಂದಿನ ಕೆಲಸ. ಚೆನ್ನೈನ ಕೇಂದ್ರೀಯ ಚೌಳು ನೀರು ಜಲಕೃಷಿ ಸಂಸ್ಥೆ ವನಾಮಿ ಪ್ಲಸ್ ಅನ್ನುವ ಮೇವನ್ನು ಇಲ್ಲಿನ ಪದಾರ್ಥಗಳಿಂದಲೇ ರೂಪಿಸಿದೆ. ಸಂಸ್ಕರಣಾ ಘಟಕಗಳಲ್ಲಿ ಸುಲಿದು ಬಿಸಾಡುವ ಸಿಗಡಿ ತಲೆಯಲ್ಲಿ ಕೊಲೆಸ್ಟರಾಲ್ ಇದೆ, ವಾಸನೆಯೂ ಇದೆ. ಅದೇ ಜಾತಿಯ ಸಿಗಡಿಗೆ ಅದನ್ನು ತಿನ್ನಿಸಿದರೆ ರೋಗ ಸುತ್ತು ಹೊಡೆಯುವ ಭಯ ಇರುವುದರಿಂದ ಅದನ್ನು ಚೆನ್ನಾಗಿ ಬೇಯಿಸಿ ಸಂಸ್ಕರಿಸುವ ವ್ಯವಸ್ಥೆ ಬೇಕು. ಹೊಂಡದಲ್ಲಿ ಪಾಚಿಯೇ ಸಮಸ್ಯೆ ಅನ್ನುವ ನಾವು ಪಾಚಿಯ ಹಿಟ್ಟನ್ನು ಹೊರಗಿನಿಂದ ತರುತ್ತಿದ್ದೇವೆ.

ಬೂತಾಯಿ 2022ರಲ್ಲಿ ವಾಪಸ್ ಬಂತು, ಕೇರಳದಲ್ಲಿ ಲಕ್ಷ ಟನ್ ದಾಟಿತು. ಸೋಯಾ ಇನ್ನೊಂದು ದಿಕ್ಕಿಗೆ ಹೋಯಿತು. 2024ರಲ್ಲಿ ಅದರ ಬೆಲೆ 4,892 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ಅದಕ್ಕೆ ಮೂರು ವರ್ಷ ಮೊದಲು ಹಿಂಡಿ ಆಮದಿಗೆ ಬಂದರು ತೆರೆದ ಸರ್ಕಾರ ಆಗ ಕರ್ನಾಟಕ, ಮಹಾರಾಷ್ಟ್ರದಲ್ಲಿ ಸೋಯಾಬೀನ್ ಖರೀದಿಗೆ ಒಪ್ಪಿಗೆ ಕೊಟ್ಟಿತು. ಬೀದರಿನ ರೈತ ಖರೀದಿ ಕೇಂದ್ರದ ಮುಂದೆ ಸಾಲಿನಲ್ಲಿ ನಿಂತ. ಅವನ ಚೀಲದ ಕಾಳು ಎಣ್ಣೆ ಗಿರಣಿ ದಾಟಿ, ಹಿಂಡಿಯಾಗಿ, ಕೃಷ್ಣಾ ಮುಖಜ ಭೂಮಿಯ ಯಾವುದೋ ಹೊಂಡದ ಚೆಕ್ ಟ್ರೇಗೆ ಹೋಗಿ ಬೀಳಬಹುದು ಅನ್ನುವುದು ಅವನಿಗೆ ಯಾರೂ ಹೇಳಿಲ್ಲ.